ಅವ್ವ ಹೇಳಿದ ‘ಹೋಗು’

ಒಂದು ಕಾದಂಬರಿ ಬರೆಯಲು ಕೂತಿದ್ದೇನೆ. ಪ್ರೀತಿಸಿದವರು ಮದುವೆಯಾಗಲು ಸರ್ಕಾರದ ಒಪ್ಪಿಗೆ ಬೇಕಾಗುವ ಒಂದು ದೇಶ. ಅಲ್ಲಿಂದ ಹುಡುಗಿಯೊಬ್ಬಳು ತನ್ನವನ ಜೊತೆ ಗಡಿ ದಾಟಿ ಓಡಿಹೋಗುತ್ತಾಳೆ. ದೇಶಕ್ಕೆ ಹೆಸರಿಟ್ಟಿಲ್ಲ, ನಾವಿರುವ ಈ ವಾಡಿ ಊರಿನಿಂದ ಆಚೆ ನಾನು ನೋಡಿದ್ದೇ ಕಡಿಮೆ. ಮೊದಲ ಅಧ್ಯಾಯ ಓದಿ ನನ್ನ ಗಂಡ ನಕ್ಕರು.

“ಈ ಸರ್ವಾಧಿಕಾರಿ ನಿಮ್ಮಪ್ಪನಂಗ ಯಾಕ ಕೆಮ್ಮತಾನ?”

ಸಿಟ್ಟು ಬಂತು. ತಿರುಗಿ ಓದಿದರೆ ನಿಜವೇ. ಕೊಡ್ಲಿ ಎಂಬ ಹಳ್ಳಿಯ ನನ್ನ ತವರುಮನೆಯಲ್ಲಿ ಅಪ್ಪ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಒಳಗೆ ಟಿವಿ ಬಂದ್, ನಗು ಬಂದ್. ಬೇರೆ ಜಾತಿಯ ಇದೇ ಗಂಡನ ಜೊತೆ ನಾನು ಓಡಿಬಂದದ್ದೂ ಆ ಮನೆಯಿಂದಲೇ. ಹಾಗಾದರೆ ನಾನು ಬರೆಯುತ್ತಿರುವುದು ಕಾದಂಬರಿಯೋ, ನನ್ನ ಕಥೆಯೋ? ನನಗೇ ತಿಳಿಯುತ್ತಿಲ್ಲ.

ಕಥೆ ಈಗ ಹುಡುಗಿ ಮನೆ ಬಿಡುವ ಜಾಗದಲ್ಲಿ ನಿಂತಿದೆ. ಅವಳ ತಾಯಿ ಏನನ್ನಬೇಕು? ನಮ್ಮ ಕಡೆ ಹೊರಟವರು ‘ಹೋಗ್ತೀನಿ’ ಅನ್ನುವಂತಿಲ್ಲ, ‘ಬರ್ತೀನಿ’ ಅನ್ನಬೇಕು. ಕಳಿಸುವವರು ‘ಹೋಗಿ ಬಾ’ ಅನ್ನಬೇಕು. ಬರೀ ‘ಹೋಗು’ ಅಂದರೆ ಬೈದಂತೆ, ಇಲ್ಲವೇ ಅಪಶಕುನ.

ನಾನು ಮನೆ ಬಿಟ್ಟ ದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಯವ್ವಾ, ಸೇಡಂ ಕಾಲೇಜಿಗಿ ಹೋಗಿ ಬರ್ತೀನಿ. ಪರೀಕ್ಷಾ ಫಾರ್ಮ್ ತುಂಬೋದದ,” ಎಂದು ಸುಳ್ಳು ಹೇಳಿದೆ.

ಅವ್ವನ ಕೈ ನಿಂತಿತು. ತಲೆಯೆತ್ತದೆ “ಹೋಗು” ಅಂದಳು. ‘ಬಾ’ ಬರಲೇ ಇಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಕೊರೆಯಿತು. ಗೊತ್ತಾಗಿ ಶಪಿಸಿದಳೋ, ಗೊತ್ತಿಲ್ಲದೆ ಬಾಯಿ ತಪ್ಪಿತೋ? ಹದಿನೆಂಟು ವರ್ಷವಾಯಿತು. ಮಗಳಿಗೆ ಜ್ವರ ಬಂದಾಗಲೆಲ್ಲ ಅವ್ವನ ಶಾಪವೇ ಇರಬೇಕೆಂದು ಹೆದರಿದ್ದೇನೆ. ಒಮ್ಮೊಮ್ಮೆ ಅವಳು ಹಾಗೆ ಅಂದೇ ಇಲ್ಲ, ನಾನೇ ಕಲ್ಪಿಸಿಕೊಂಡೆ ಅಂತಲೂ ಅನಿಸಿದ್ದುಂಟು.

ಅವ್ವ ಈಗಲೂ ಅಪ್ಪ ಹೊಲಕ್ಕೆ ಹೋದಾಗ ಮಾತ್ರ ಫೋನ್ ಮಾಡುತ್ತಾಳೆ. ತೊಗರಿ, ಮಳೆ, ಸೊಂಟನೋವು, ಇಷ್ಟೇ ಮಾತು. ಮೊನ್ನೆ ಕಥೆಯ ನೆಪ ಹಿಡಿದು ಕೇಳಿಯೇಬಿಟ್ಟೆ.

“ಅವತ್ತು ‘ಹೋಗಿ ಬಾ’ ಅಂತ ಯಾಕ ಅನ್ಲಿಲ್ಲವ್ವ? ನನ್ನ ಮ್ಯಾಲ ಭಾಳ ಸಿಟ್ಟಿತ್ತೇನು?”

ಅಷ್ಟರಲ್ಲಿ ಬಾಗಿಲ ಕಡೆಯಿಂದ ಅಪ್ಪನ ಕೆಮ್ಮು ಕೇಳಿಸಿತು. ಅವ್ವ ದನಿ ತಗ್ಗಿಸಿದಳು.

“ಹುಚ್ಚಿ, ಬಾ ಅಂದಿದ್ರ ನೀ ತಿರುಗಿ ಬಂದಬಿಡ್ತಿದ್ದಿ.”

ಫೋನ್ ಕಟ್ಟಾಯಿತು. ನಾನು ಅತ್ತುಬಿಟ್ಟೆ. ಆ ಕೆಮ್ಮಿನ ಮನೆಯಿಂದ ಅವ್ವನಿಗೆ ‘ಹೋಗು’ ಅಂದವರು ಮಾತ್ರ ಯಾರೂ ಇರಲಿಲ್ಲ.