ನಡುಗದ ಪೂಜಾರಿ

ಬೆಳಿಗ್ಗೆ ಬಿಳಿ ಕೋಟು ಇಸ್ತ್ರಿ ಮಾಡುವಾಗ ತೋಳಿನ ಮೇಲಿನ ಹಳದಿ ಕಲೆ ಮತ್ತೆ ಕಣ್ಣಿಗೆ ಬಿತ್ತು. ಎಷ್ಟು ಒಗೆದರೂ ಹೋಗದ ಭಂಡಾರದ ಅರಿಶಿನ. ಅದು ಮೆತ್ತಿಕೊಂಡ ಕಥೆಯನ್ನು ನಿಮಗೆ ಹೇಳಬೇಕು.

ಆಗ ಶಿರಾದ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ನಾನು ಹೊಸ ಡಾಕ್ಟರು. ಅಗತ್ಯಕ್ಕಿಂತ ಒಂದು ಮಾತು ಹೆಚ್ಚಾಡದವಳು. ರೋಗಿಗಳು ಮಾತ್ರ ಎಲ್ಲವನ್ನೂ ಬಿಚ್ಚಿ ಹೇಳಬೇಕು! ಒಂದು ಸೋಮವಾರ ಹುಲಿಕುಂಟೆ ಕಡೆಯಿಂದ ಪೂಜಾರಿ ಚಿಕ್ಕಣ್ಣನವರನ್ನು ಕರೆತಂದರು. ಮೈಕೈಯೆಲ್ಲ ಭಂಡಾರ, ಹುಬ್ಬಿನ ಮೇಲೆ ಗಾಯ. ಗುಡಿಯಲ್ಲಿ ನಿಂತಲ್ಲೇ ಬಿದ್ದಿದ್ದರು. ಅವರ ಮೈಮೇಲೆ ದೇವರು ಬರುವುದು ಊರಿಗೆಲ್ಲ ಗೊತ್ತು. ಹಾಗಾಗಿ ಯಾರೂ ಎತ್ತಲು ಹೋಗದೆ, ಕೈಮುಗಿದು, ಮಳೆ ಯಾವಾಗ ಎಂದು ಕೇಳಿದ್ದರಂತೆ.

“ನೀರು ಅಂತು ಕಣಮ್ಮ ದೇವ್ರು! ಈ ಸಲ ಮಳೆ ಗ್ಯಾರಂಟಿ,” ಎಂದ ಅವರ ತಮ್ಮ.

“ಲೇ, ನಂಗೆ ಬಾಯಾರಿತ್ತು ಕಣ್ಲಾ!” ಎಂದರು ಚಿಕ್ಕಣ್ಣ, ಮಲಗಿದಲ್ಲಿಂದಲೇ.

ಎಲ್ಲರೂ ನಕ್ಕರು. ಹೊಲಿಗೆ ಹಾಕಿಸಿಕೊಂಡು ಹೊರಡುವ ಆತುರ ಅವರಿಗೆ. ಬಿದ್ದದ್ದು ಹೃದಯದ ದೆಸೆಯಿಂದಾದರೆ ಮುಂದಿನ ಸಲ ಏಳದೆಯೂ ಇರಬಹುದೆಂಬ ಭಯ ನನಗೆ. ದೇವರು ಬಂದಾಗ ಹೇಗಿರುತ್ತಾರೆ ಎಂದು ಅವರ ಹೆಂಡತಿ ರಂಗಮ್ಮನನ್ನು ಕೇಳಿದೆ.

“ಮೊದ್ಲು ಗಡಗಡ ನಡುಗ್ತಾರೆ. ಮಖ ಕೆಂಪಗಾಯ್ತದೆ.”

“ಇವತ್ತು?”

ರಂಗಮ್ಮ ಯೋಚಿಸಿದರು. “ನಡುಗ್ಲೇ ಇಲ್ಲ. ಮಖ ಬಿಳಚ್ಕೊಂಡು ದಪ್ಪಂತ ಬಿದ್ಬುಟ್ರು. ಗಳಿಗೇಲೇ ಎದ್ರು.” ಮೈದುನನ ಕಡೆ ತಿರುಗಿದರು. “ದೇವ್ರಲ್ಲ ಕಣಪ್ಪ ಅದು!”

ಮುನ್ಸೂಚನೆಯಿಲ್ಲದೆ ಬೀಳುವುದು, ಬಿಳಚಿಕೊಳ್ಳುವುದು, ತಟ್ಟನೆ ಏಳುವುದು. ಹೀಗಾದರೆ ಹೃದಯವನ್ನು ಮೊದಲು ನೋಡಿ ಎಂದೇ ನಮಗೆ ಕಲಿಸಿದ್ದು. ಇಸಿಜಿಯಲ್ಲಿ ಬಡಿತ ತೀರಾ ನಿಧಾನವಾಗಿತ್ತು, ನಡುನಡುವೆ ತಪ್ಪುತ್ತಿತ್ತು. ಆಂಬುಲೆನ್ಸಿನಲ್ಲಿ ಬೆಂಗಳೂರಿನವರೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಚಿಕ್ಕಣ್ಣನವರು ಭಂಡಾರದ ಕೈಯಲ್ಲಿ ಹಿಡಿದ ನನ್ನ ತೋಳು ಬಿಡಲಿಲ್ಲ. ಅಲ್ಲಿ ಪೇಸ್‌ಮೇಕರ್ ಕೂರಿಸಿದರು.

“ದೇವ್ರು ಬಂದು ಕುಣಿದ್ರೆ ಮಿಷನ್ನು ಕಳಚ್ಕೊಂಬುಡ್ತದಾ?” ಅವರಿಗಿದ್ದದ್ದು ಅದೊಂದೇ ಚಿಂತೆ. ಗಾಯ ಮಾಗಿದ ಮೇಲೆ ಕುಣಿಯಬಹುದೆಂದು ದೊಡ್ಡ ಡಾಕ್ಟರಿಂದಲೇ ಹೇಳಿಸಿದೆ.

ಕಳೆದ ಸೋಮವಾರ ರಂಗಮ್ಮನ ಒತ್ತಾಯಕ್ಕೆ ಆ ಗುಡಿಗೆ ಹೋಗಿ ಹಿಂದೆ ನಿಂತಿದ್ದೆ. ಚಿಕ್ಕಣ್ಣನವರು ಗಡಗಡ ನಡುಗಿದರು, ಮುಖ ಕೆಂಪಾಯಿತು. ಜನ ಕೈಮುಗಿದರು, ನಾನು ನಿರಾಳವಾದೆ. ದೇವರು ನೇರ ನನ್ನ ಮುಂದೆ ಬಂದು ನಿಂತಿತು.

“ಕೇಳವ್ವ.”

ಎಲ್ಲರೂ ತಿರುಗಿ ನೋಡಿದರು. ನನ್ನ ಬಾಯಿಗೆ ಬಂದದ್ದು ದಿನವೂ ಕೇಳುವ ಪ್ರಶ್ನೆಯೇ: “ತಲೆ ಸುತ್ತುತ್ತಾ?”

“ಇವ್ನು ಗಟ್ಟಿಯಾಗವ್ನೆ, ಇವನ್ನ ಬುಡು,” ಎಂದಿತು ದೇವರು. “ನಿಂದು ಹೇಳು.”

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸ್ವಲ್ಪ ಹೇಳಿದೆ. ಏನೆಂಬುದನ್ನು ಮಾತ್ರ ನಿಮಗೂ ಹೇಳಲಾರೆ.