ಗುಂಡಿಯಕ್ಕ ಸೇರಿಸಿದ ಕೊನೆಯ ಸಾಲು

ಹೊಲಿಗೆ ಸಹಕಾರ ಸಂಘದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಗುಂಡಿಯಕ್ಕ ಎಂದೇ. ಅವಳು ಎಡಚಿ. ಅಲ್ಲಿದ್ದ ಕತ್ತರಿಗಳೆಲ್ಲ ಬಲಗೈಯವರಿಗೆ ಮಾಡಿದವು. ಹಾಗಾಗಿ ಸೇರಿದ ದಿನವೇ "ನೀನು ಗುಂಡಿ ಹಾಕ್ಕೊಂಡಿರು" ಎಂದು ಮೂಲೆಯಲ್ಲಿ ಕೂರಿಸಿದರು. ಹನ್ನೊಂದು ವರ್ಷ ಕೂತಳು. ಯಾರಿಗೂ ಅವಳ ಮೇಲೆ ಹಗೆಯಿರಲಿಲ್ಲ; ಎಡಗೈ ಕತ್ತರಿ ತರಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಕೊನೆಗೆ ಅವಳೇ ಒಂದು ಕೊಂಡು ತಂದಳು. ಈಗ ಸಂಘದ ಕಾರ್ಯದರ್ಶಿ.

ಆಸ್ಪತ್ರೆಯೊಂದರ ಸಮವಸ್ತ್ರದ ಕೆಲಸ ಸಿಗಬೇಕಾದರೆ, ತಾನು ಯಾರಲ್ಲೂ ಭೇದ ಮಾಡುವುದಿಲ್ಲವೆಂದು ಸಂಘ ಬರೆದು ಗೋಡೆಗೆ ಹಾಕಬೇಕಿತ್ತು. ಗುಂಡಿಯಕ್ಕ ಜಾತಿ, ಧರ್ಮ, ಭಾಷೆ, ಬಣ್ಣ, ಲಿಂಗ, ವಯಸ್ಸು, ಅಂಗವೈಕಲ್ಯ ಎಂದು ಒಂದೂ ಬಿಡದೆ ಪಟ್ಟಿ ಮಾಡಿದಳು.

"ಇನ್ನೇನು, ಅಂಟಿಸೋದೊಂದೇ ಬಾಕಿ," ಎಂದ ಕಟಿಂಗ್ ಮಾಸ್ಟರ್.

ಅಷ್ಟರಲ್ಲಿ ಕೆಲಸ ಕೇಳಿಕೊಂಡು ಒಬ್ಬಳು ಬಂದಳು. ಎರಡೂ ಕಂಕುಳಲ್ಲಿ ಊರುಗೋಲು, ಹೆಗಲ ಚೀಲದಲ್ಲಿ ತಾನೇ ಹೊಲಿದ ಫ್ರಾಕು. ಮಾಸ್ಟರ್ ಅದರ ಹೊಲಿಗೆ ನೋಡಿ ತಲೆದೂಗಿದ. ಆಮೇಲೆ ಕಾಲಲ್ಲಿ ತುಳಿಯುವ ಮಿಷಿನ್ ತೋರಿಸಿದ.

"ಇದ್ರಲ್ಲಿ ಒಂದು ತೋಳು ಹೊಲಿದು ತೋರಿಸಬೇಕು ತಾಯಿ. ಎಲ್ಲರಿಗೂ ಒಂದೇ ಪರೀಕ್ಷೆ. ನಮ್ಮಲ್ಲಿ ಭೇದಭಾವ ಇಲ್ಲ."

"ಮನೇಲಿ ನಾನು ಕೈಯಲ್ಲಿ ತಿರುಗಿಸೋ ಮಿಷಿನ್ನಲ್ಲಿ ಹೊಲೀತಿದ್ದೆ. ಹೋಗ್ಲಿ ಬಿಡಿ, ಇದು ನಾಲ್ಕನೇ ಕಡೆ," ಎಂದು ಅವಳು ಫ್ರಾಕು ಮಡಚತೊಡಗಿದಳು.

ಗುಂಡಿಯಕ್ಕನಿಗೆ ತನ್ನ ಮೊದಲ ದಿನ ನೆನಪಾಗಿ ನೋವಾಯಿತು. ಎಲ್ಲರಿಗೂ ಒಂದೇ ಕತ್ತರಿ ಎಂದು ತನಗೂ ಹೀಗೇ ಹೇಳಿದ್ದರಲ್ಲ! ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಪರೀಕ್ಷೆಯ ನಿಯಮ ಬರೆದವಳೂ ಅವಳೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಹಾಗಾಯಿತು.

"ಕೂತ್ಕೋ ತಂಗಿ. ಮಾಸ್ಟರೇ, ಹಳೇ ಮಿಷಿನ್ನಿನ ಕೈಹಿಡಿ ಎಲ್ಲಿ?"

"ಪೆಟ್ಟಿಗೇಲಿ ತುಕ್ಕು ಹಿಡೀತಿದೆ. ಆದ್ರೆ ನಿಯಮ..."

"ನಿಯಮಕ್ಕೇನು ಕೊಂಬು ಬಂದಿದ್ಯಾ? ಬರೆದೋಳು ನಾನು, ಹೊಡೆದುಹಾಕೋಳೂ ನಾನೇ."

ಮಾಸ್ಟರ್ ಗೊಣಗುತ್ತಲೇ ಎಣ್ಣೆ ಬಿಟ್ಟು, ಚಕ್ರಕ್ಕೆ ಕೈಹಿಡಿ ಕೂರಿಸಿದ. ಬಂದವಳು ಅದನ್ನು ಬಲಗೈಯಲ್ಲಿ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ನಡೆಸಿದಳು. ತಪ್ಪು ಹುಡುಕಲು ಮಾಸ್ಟರ್ ತೋಳನ್ನು ಒಳಹೊರಗು ಮಾಡಿ ನೋಡಿದ.

"ನಾಳೆಯಿಂದ ಬಾ," ಎಂದ.

ಗುಂಡಿಯಕ್ಕ ಪಟ್ಟಿಯ ಕೆಳಗೆ ಎಡಗೈಯಲ್ಲಿ ಬರೆದಳು: 'ನಿಮ್ಮ ಕೆಲಸಕ್ಕೆ ಇಲ್ಲಿ ಏನು ಅಡ್ಡಿಯಿದೆಯೋ ಹೇಳಿ. ಅದನ್ನು ತೆಗೆಯುವುದು ನಮ್ಮ ಕೆಲಸ.' ಗೋಡೆಗೆ ಅಂಟಿಸಿದ್ದನ್ನು ಹೊಸಬಳು ಎರಡೆರಡು ಸಲ ಓದಿದಳು.

"ನಿಜವಾಗ್ಲೂ ಹೇಳಬಹುದಾ ಅಕ್ಕಾ?"

"ಹೇಳು."

"ಬಾಗಿಲ ಮುಂದಿನ ಮೆಟ್ಟಿಲು ತುಂಬಾ ಎತ್ತರ."

ಗುಂಡಿಯಕ್ಕ ಬಾಯಿ ತೆರೆಯುವ ಮೊದಲೇ ಮಾಸ್ಟರ್ ಕೊರಳಲ್ಲಿದ್ದ ಟೇಪು ತೆಗೆದುಕೊಂಡು ಮೆಟ್ಟಿಲು ಅಳೆಯಲು ಹೊರಟ.