ಗಾಯರಾಣದ ಗೌರತ್ತಿ

ಗೌರತ್ತಿಯ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಕವಣೆಯ ಹುರಿ ಅದನ್ನು ಎಂದೋ ಕಿತ್ತುಕೊಂಡು ಹೋಗಿತ್ತು. ಆ ಬೋಳು ಬೆರಳನ್ನು ಮೂಗಿನ ಮುಂದೆ ಆಡಿಸುತ್ತ ಅವಳು ಬಯ್ಯತೊಡಗಿದರೆ ಹಳಿಯಾಳದ ಪೈಲವಾನರೂ ದಾರಿ ಬಿಡುತ್ತಿದ್ದರು. ನಮಗವಳು ಪಕ್ಕದ ಮನೆಯವಳು, ಸಂಬಂಧಿಯಲ್ಲ. ಆದರೂ ನನಗೆ ತಿಳಿವಳಿಕೆ ಬಂದಾಗಿನಿಂದ ಅತ್ತಿ.

ನಮ್ಮೂರ ಹುಲ್ಲುಗಾವಲಿಗೆ ಗಾಯರಾಣ ಎನ್ನುತ್ತಾರೆ. ದನ ಮೇಯುವ ಜಾಗ ಎಂದು ಅರ್ಥವಂತೆ. ನಾನು ಬಹಳ ದಿನ ಗಾಯವಾಗುವ ಜಾಗ ಎಂದೇ ತಿಳಿದಿದ್ದೆ. ಗೌರತ್ತಿ ಇರುವತನಕ ಅದೇನೂ ಸುಳ್ಳಾಗಿರಲಿಲ್ಲ. ಬೇಸಿಗೆಯ ಒಣಹುಲ್ಲಿಗೆ ಬೆಂಕಿ ಹಚ್ಚಲು ಹೋದವನ ಮುಂಗೈ ಮುರಿದದ್ದು, ಬಲೆ ಹಾಸಲು ಬಂದವನ ಕಿವಿ ಹರಿದದ್ದು ಅವಳ ಕಲ್ಲಿನಿಂದಲೇ. ಹಿರಿಯರು ಕರೆದು ಕೇಳಿದರೆ, "ತಲಿಗೆ ಗುರಿ ಇಟ್ಟಿದ್ನಿರೀ, ತಪ್ಪಿತು," ಎಂದಳು.

ಇಷ್ಟೆಲ್ಲ ಒಂದು ಚಿಗರಿಗಾಗಿ. ಅವಳು ಹುಡುಗಿಯಾಗಿದ್ದಾಗ ಅಲ್ಲಿ ತಿರುಚುಕೊಂಬಿನ ಆ ಜಿಂಕೆಗಳ ಹಿಂಡೇ ಇತ್ತಂತೆ.

"ದಿನಾ ಕನಸಿನ್ಯಾಗ ಬರ್ತೈತಿ ತಮ್ಮಾ. ನನ್ನ ಬೊಗಸ್ಯಾಗ ನೀರು ಕುಡೀತೈತಿ. ಎದ್ದು ನೋಡಿದ್ರ ಕೈ ಒಣಾ ಒಣ."

ಅದಕ್ಕೇ ಬೇಸಿಗೆಯಲ್ಲಿ ದಿನವೂ ಒಂದು ಕೊಡ ನೀರು ಒಯ್ದು ಗಾಯರಾಣದಲ್ಲಿ ದನ ನೀರು ಕುಡಿಯುವ ಕಲ್ಲುಡೋಣಿಗೆ ಸುರಿಯುತ್ತಿದ್ದಳು. ಚಿಗರಿ ಮಾತ್ರ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ, ದಾಂಡೇಲಿಯ ಗಿರಣಿಯಲ್ಲಿ ನನಗೆ ರಜೆ ಇದ್ದ ಒಂದು ದಿನ, ಅವಳ ಜೊತೆ ಹೋದೆ. ಆಗಲೇ ಅವಳ ಕಣ್ಣಿಗೆ ಪೊರೆ ಬಂದಿತ್ತು. ಅವಳನ್ನೂ ಕೊಡವನ್ನೂ ಒಂದು ಗಿಡದ ನೆರಳಿಗೆ ಬಿಟ್ಟು, ಡೋಣಿ ತಿಕ್ಕಲು ನಾನು ಆಚೆಗೆ ದಾಟಿದೆ. ಮಟಮಟ ಮಧ್ಯಾಹ್ನ. ಬಿಸಿಲ್ಗುದುರೆಯೊಳಗಿಂದಲೇ ಎದ್ದು ಬಂದಂತೆ ಒಂದು ಚಿಗರಿ ಓಡಿ ಬಂತು. ಅದರ ಬೆನ್ನಿಗೆ ನಾಯಿ. ದಣಿದ ಚಿಗರಿ ನಮ್ಮಿಬ್ಬರ ನಡುವೆ ನಿಂತು ಕೊಂಬು ತಗ್ಗಿಸಿತು. ನಾಯಿ ಅದರೆದುರು ಹಲ್ಲು ಕಿರಿಯಿತು.

"ಅತ್ತೀ, ಚಿಗರಿ ಬಂತು! ನಾಯಿ ಹಿಡೀತೈತಿ!"

ಕವಣೆ ಆಗಲೇ ಅವಳ ತಲೆಯ ಮೇಲೆ ಗಿರಗಿರ ತಿರುಗುತ್ತಿತ್ತು. "ನನಗ ಎರಡೂ ಮಸುಕು ಮಸುಕು ಕಾಣ್ತಾವು. ನಾಯಿ ಯಾವ ಕಡೀ ಐತಿ?"

"ಎಡಕ್ಕ! ಎಡಕ್ಕ ಹೊಡಿ!"

ನಾನು ಅವಳಿಗೆ ಎದುರಾಗಿ ನಿಂತಿದ್ದೆ. ನನ್ನ ಎಡ ಅವಳಿಗೆ ಬಲ.

ಕಲ್ಲು ಚಿಗರಿಯ ಕುತ್ತಿಗೆಗೆ ಬಡಿಯಿತು. ಬಿದ್ದದ್ದರ ಮೇಲೆ ನಾಯಿ ಎರಗಿತು. ಗೌರತ್ತಿ ಎಡವುತ್ತ ಓಡಿಬಂದು, ಕೈಗೆ ಸಿಕ್ಕ ಕಲ್ಲಿನಿಂದ ನಾಯಿಯನ್ನು ಅದರ ದನಿ ನಿಲ್ಲುವತನಕ ಜಜ್ಜಿದಳು. ಆಮೇಲೆ ತಡಕಾಡಿ ಚಿಗರಿಯ ತಲೆಯನ್ನು ತೊಡೆಗೆ ಎಳೆದುಕೊಂಡಳು. "ನೀರು ತಾ," ಎಂದಳು. ಕೊಡ ತಂದು ಅವಳ ರಕ್ತದ ಬೊಗಸೆಗೆ ನೀರು ಸುರಿದೆ. ಅದು ಎರಡು ಗುಟುಕು ಕುಡಿದು ಕತ್ತು ಚೆಲ್ಲಿತು.

"ಕುಡೀತಲ್ಲ," ಎಂದಳು.

ತಪ್ಪು ನನ್ನದೆಂದು ಬಿಕ್ಕಿ ಬಿಕ್ಕಿ ಅತ್ತೆ. ಬಯ್ಯಲಿ ಎಂದು ಕಾದೆ.

"ನೀ ಎಡಕ್ಕ ಅಂದಿ, ನಾ ಎಡಕ್ಕ ಹೊಡದೆ. ಇಬ್ಬರದೂ ಖರೇನ ಐತಿ."

ಆಮೇಲೆ ಅವಳು ಕವಣೆ ಮುಟ್ಟಲಿಲ್ಲ, ಯಾರನ್ನೂ ಬಯ್ಯಲೂ ಇಲ್ಲ. ಮಳೆ ಹಿಡಿಯುವ ಮೊದಲೇ ತೀರಿಕೊಂಡಳು. ಈಗ ದಾಂಡೇಲಿಯ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ದಾರಿ ಕೇಳಿದರೆ ಎಡ ಬಲ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವರ ಪಕ್ಕಕ್ಕೆ ಹೋಗಿ, ಅವರು ನೋಡುವ ಕಡೆಗೇ ಮುಖ ಮಾಡಿ ನಿಂತು, ಕೈ ಚಾಚಿ ತೋರಿಸುತ್ತೇನೆ.